ನಿರ್ಬಂಧ ತೆಗೆಯಲು ಇಷ್ಟೇಕೆ ಅವಸರ?

ಲಂಡನ್, ಗುರುವಾರ, 11 ಜುಲೈ 1991

ಆಗಿನ ಅಧ್ಯಕ್ಷ ರೇಗನ್ ಅವರ ವೀಟೊವನ್ನೂ ಮೀರಿ 1986ರಲ್ಲಿ ಅಮೆರಿಕದ ಕಾಂಗ್ರೆಸ್ಸು ವರ್ಣಭೇದ ನೀತಿಗಾಗಿ ದಕ್ಷಿಣ ಆಫ್ರಿಕಾದ ಮೇಲೆ ಹೇರಿದ್ದ ಆರ್ಥಿಕ ನಿರ್ಬಂಧಗಳನ್ನು ಅಧ್ಯಕ್ಷ ಬುಷ್ ನಿನ್ನೆ ತೆಗೆದುಹಾಕಿದರು. ಕಾಯ್ದೆಯ ಐದೂ ಷರತ್ತುಗಳು ಈಡೇರಿವೆ ಎಂಬುದು ಅವರ ವಾದ. ಮಂಡೇಲಾ ಜೈಲಿನಿಂದ ಹೊರಬಂದಿದ್ದಾರೆ, ಅವರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ಹೋಗಿದೆ, ಅದೆಲ್ಲ ನಿಜ. ಆದರೆ ಪ್ರತಿಯೊಬ್ಬರನ್ನೂ ವರ್ಣದ ಲೆಕ್ಕದಲ್ಲಿ ವಿಂಗಡಿಸುತ್ತಿದ್ದ ಜನಸಂಖ್ಯಾ ನೋಂದಣಿ ಕಾಯ್ದೆಯ ಕಥೆಯನ್ನೇ ನೋಡಬೇಕು. ಕಳೆದ ತಿಂಗಳು ಅದನ್ನು ರದ್ದುಪಡಿಸಿದ್ದಾರೆ; ಇನ್ನು ಹುಟ್ಟುವ ಮಗುವಿಗೆ ಆ ಮುದ್ರೆ ಬೀಳುವುದಿಲ್ಲ. ಈಗಾಗಲೇ ನೋಂದಣಿಯಾದವರ ವರ್ಗೀಕರಣ ಮಾತ್ರ ಹೊಸ ಸಂವಿಧಾನ ಬರುವವರೆಗೂ ಹಾಗೆಯೇ ಉಳಿಯುತ್ತದೆ, ಏಕೆಂದರೆ ಬಿಳಿಯರಿಗೊಂದು, ಮಿಶ್ರವರ್ಣೀಯರಿಗೊಂದು, ಭಾರತೀಯ ಮೂಲದವರಿಗೊಂದು ಸದನವಿದ್ದು ಬಹುಸಂಖ್ಯಾತ ಕರಿಯರಿಗೆ ಸದನವೇ ಇಲ್ಲದ ಈಗಿನ ಸಂಸತ್ತು ನಿಂತಿರುವುದೇ ಆ ಪಟ್ಟಿಯ ಮೇಲೆ. ಮತದಾನದ ಹಕ್ಕು ಆ ಐದು ಷರತ್ತುಗಳಲ್ಲಿ ಇರಲೇ ಇಲ್ಲ.

ಸಂಜೆ ಸೂಪರ್‌ಮಾರ್ಕೆಟ್ಟಿನ ಬಾಗಿಲಲ್ಲಿ ದಕ್ಷಿಣ ಆಫ್ರಿಕಾದ ಹಣ್ಣು ಕೊಳ್ಳಬೇಡಿ ಎಂಬ ಕರಪತ್ರ ಹಂಚುವಾಗ, ಆ ದೇಶದ ಔಟ್‌ಸ್ಪ್ಯಾನ್ ಬ್ರ್ಯಾಂಡಿನ ಚೀಟಿ ಅಂಟಿದ ಕಿತ್ತಳೆಗಳ ಬಲೆಚೀಲ ಹಿಡಿದಿದ್ದ ಹಿರಿಯ ಮಹಿಳೆಯೊಬ್ಬರು ನಿಂತು, ಇದನ್ನು ಕೊಳ್ಳುವುದು ಬಿಟ್ಟರೆ ಕೆಲಸ ಕಳೆದುಕೊಳ್ಳುವವರು ತೋಟದ ಬಡವರೇ ಅಲ್ಲವೇ ಎಂದು ಕೇಳಿದರು. ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಆ ನಷ್ಟ ಗೊತ್ತಿದ್ದೂ ಅಲ್ಲಿನ ಕಾರ್ಮಿಕ ಒಕ್ಕೂಟ ಕೊಸಾಟು ನಿರ್ಬಂಧಗಳನ್ನು ಬೆಂಬಲಿಸುತ್ತ ಬಂದಿದೆ ಎಂದೆ. ಅವರು ಕರಪತ್ರವನ್ನೂ ಕಿತ್ತಳೆಯನ್ನೂ ಒಯ್ದರು. ಪ್ರಿಟೋರಿಯಾದ ಬಿಳಿಯರ ಸರ್ಕಾರಕ್ಕೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಹಣ್ಣಿಗಿಂತ ಸಾಲ ಎಂಬುದನ್ನೂ ಒಪ್ಪಬೇಕು. 1985ರಲ್ಲಿ ಚೇಸ್ ಮ್ಯಾನ್‌ಹಟನ್ ಬ್ಯಾಂಕು ಸಾಲ ನವೀಕರಿಸಲು ಒಲ್ಲೆನೆಂದಿತು, ಉಳಿದ ಬ್ಯಾಂಕುಗಳೂ ಅದೇ ದಾರಿ ಹಿಡಿದವು, ರ‍್ಯಾಂಡ್ ಕುಸಿಯಿತು, ಸರ್ಕಾರ ವಿದೇಶಿ ಸಾಲದ ಮರುಪಾವತಿಯನ್ನೇ ತಡೆಹಿಡಿಯಬೇಕಾಯಿತು. ಹಾಗೆ ಮುಚ್ಚಿದ ಥೈಲಿಯ ಬಾಯನ್ನು ಈಗ ಬಿಚ್ಚಿಬಿಟ್ಟರೆ ಸಂಧಾನದ ಮೇಜಿನಲ್ಲಿ ಅಲ್ಲಿನ ಅಧ್ಯಕ್ಷ ಡಿ ಕ್ಲರ್ಕ್ ಅವರನ್ನು ಒತ್ತಾಯಿಸಲು ಏನು ಉಳಿಯುತ್ತದೆ?

ವಿಚಿತ್ರವೆಂದರೆ ನಿನ್ನೆಯೇ ಈ ಊರಿನ ಲಾರ್ಡ್ಸ್‌ನಲ್ಲಿ ಐಸಿಸಿ ದಕ್ಷಿಣ ಆಫ್ರಿಕಾವನ್ನು ಮತ್ತೆ ಸೇರಿಸಿಕೊಂಡಿತು. ಸೂಚನೆ ಮಂಡಿಸಿದ್ದು ಭಾರತ, 1946ರಷ್ಟು ಹಿಂದೆಯೇ ಆ ದೇಶದೊಂದಿಗೆ ವ್ಯಾಪಾರ ಕಡಿದುಕೊಂಡ, 1974ರಲ್ಲಿ ಅದರೆದುರು ಆಡಲೊಲ್ಲದೆ ಡೇವಿಸ್ ಕಪ್ ಟೆನಿಸ್ ಫೈನಲನ್ನೇ ಬಿಟ್ಟುಕೊಟ್ಟ ಭಾರತ. ಇದಕ್ಕೆ ನನ್ನ ತಕರಾರಿಲ್ಲ. ಅಲ್ಲಿನ ಪ್ರತ್ಯೇಕ ಕ್ರಿಕೆಟ್ ಮಂಡಳಿಗಳು ಮೊದಲು ಒಂದಾದವು, ಮಂಡೇಲಾ ಅವರ ಪಕ್ಷ ಒಪ್ಪಿತು, ಬಾಗಿಲು ತೆರೆಯಿತು. ವ್ಯಾಪಾರದ ಬಾಗಿಲನ್ನು ಬುಷ್ ತೆರೆದದ್ದು ಅದೇ ಪಕ್ಷ ಬೇಡವೆನ್ನುತ್ತಿರುವಾಗ. ನಮ್ಮ ಚಳವಳಿಯಲ್ಲಿ ಕೆಲವರು ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಕ್ರಿಕೆಟ್ಟನ್ನೂ ವಿರೋಧಿಸೋಣ ಎನ್ನುತ್ತಿದ್ದಾರೆ, ನಾನು ಒಪ್ಪಲಿಲ್ಲ.

ಅಧ್ಯಕ್ಷರ ಆದೇಶ ಅಮೆರಿಕದ ರಾಜ್ಯಗಳೂ ನಗರಗಳೂ ತಾವಾಗಿಯೇ ಹಾಕಿಕೊಂಡ ನಿರ್ಬಂಧಗಳನ್ನು ಮುಟ್ಟುವುದಿಲ್ಲ, ನ್ಯೂಯಾರ್ಕ್ ನಗರದ್ದೂ ಸೇರಿ. ಅವು ಉಳಿಯಲಿ ಎಂದು ಅಲ್ಲಿನ ಗೆಳೆಯರು ಪತ್ರ ಚಳವಳಿ ಶುರುಮಾಡುತ್ತಿದ್ದಾರೆ. ಇಲ್ಲಿಂದ ಕಳುಹಿಸುವ ಪತ್ರದ ಕರಡನ್ನು ನಾಳೆಯೊಳಗೆ ನಾನು ಮುಗಿಸಿಕೊಡಬೇಕು.