ಕೊನೇ ತಾರೀಖು ಮುಂದೆ ಹೋದ ಜುಲೈ

ಮಂಗಳವಾರ, 22 ಜುಲೈ 2025
ಮೈಸೂರು

ಬೇರೆ ವರ್ಷ ಆಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಆಫೀಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಫಾರಂ 16 ಹಿಡಿದು ನಿಂತವರು, ಬ್ಯಾಂಕ್ ಬಡ್ಡಿಯ ಲೆಕ್ಕ ಮನೇಲೇ ಬಿಟ್ಟು ಬಂದವರು, ಪಾಸ್‌ವರ್ಡ್ ಮಗನಿಗೇ ಗೊತ್ತು ಅನ್ನುವವರು. ಆದಾಯ ತೆರಿಗೆ ರಿಟರ್ನ್ ಹಾಕಲು ಸಾಮಾನ್ಯವಾಗಿ ಜುಲೈ 31 ಕೊನೇ ದಿನ. ಈ ಸಲ ಆಡಿಟ್ ಬೇಡದವರಿಗೆ ಅದನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದಾರೆ. ಮೇ ತಿಂಗಳಲ್ಲಿ ಸುದ್ದಿ ಬಂದಾಗ ನಮ್ಮ ಹುಡುಗರು ಸ್ವೀಟ್ ತರಿಸಿದರು. ನಾನೂ ತಿಂದೆ. ಮನಸ್ಸಿಗೆ ಮಾತ್ರ ಯಾಕೋ ಕಸಿವಿಸಿ.

ಯಾಕೆ ಅಂತ ಇವತ್ತು ಕಣ್ಣಿಗೆ ಕಂಡಿತು. ಬೆಳಿಗ್ಗೆ ಒಂದು ಟ್ರಸ್ಟಿನ ಫೈಲ್ ತೆಗೆದೆ. ಜನರೇಟರಿಗೆ ಎಷ್ಟು ಸವಕಳಿ ಹಾಕಬೇಕು ಅಂತ ನೋಡಲು ಹೋದೆ. ಅಲ್ಲಿಂದ ಹಳೇ ವರ್ಷದ ಫೋಲ್ಡರ್. ಅದರಲ್ಲಿ ಫೈಲುಗಳ ಹೆಸರು ಅಡ್ಡಾದಿಡ್ಡಿ ಇದ್ದವು, ಸರಿಮಾಡಲು ಕೂತೆ. ಊಟದ ಹೊತ್ತಿಗೆ ಐದು ವರ್ಷದ ಫೈಲುಗಳಿಗೆಲ್ಲ ಒಪ್ಪವಾದ ಹೆಸರು ಬಂದಿತ್ತು. ಟ್ರಸ್ಟಿನ ಲೆಕ್ಕ ಇದ್ದಲ್ಲೇ ಇತ್ತು.

ನನಗೆ ಎಡಿಎಚ್‌ಡಿ ಇದೆ, ಗಮನವನ್ನು ಬೇಕಾದ ಕಡೆ ನಿಲ್ಲಿಸಲು ಒದ್ದಾಡಿಸುವ ಮಿದುಳಿನ ಸ್ಥಿತಿ. ಅದು ಅಂದರೆ ಗಮನವೇ ಇಲ್ಲದಿರುವುದು ಅಂತ ಜನ ತಿಳಿದಿದ್ದಾರೆ. ನನ್ನ ಹತ್ತಿರ ಗಮನ ಬೇಕಾದಷ್ಟಿದೆ. ಎಲ್ಲಿ ಹೋಗಿ ಕೂರಬೇಕು ಅನ್ನುವುದು ಮಾತ್ರ ನನ್ನ ಮಾತು ಕೇಳುವುದಿಲ್ಲ. ಕೆಲಸ ಮುಖ್ಯ ಅಂತ ಗೊತ್ತಿದ್ದರೆ ಸಾಕಾಗುವುದಿಲ್ಲ. ಅದು ಹೊಸದಾಗಿರಬೇಕು, ಇಲ್ಲಾ ಇಷ್ಟದ್ದಾಗಿರಬೇಕು, ಇಲ್ಲಾ ಕುತ್ತಿಗೆಗೆ ಬಂದಿರಬೇಕು.

ನನ್ನ ಕಸುಬಿನಲ್ಲಿ ಎಲ್ಲವೂ ಕುತ್ತಿಗೆಗೇ ಬರುತ್ತದೆ. ಪ್ರತಿ ತಿಂಗಳು ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಂಡ ತೆರಿಗೆ, ಕಟ್ಟಲು 7ನೇ ತಾರೀಖು, ಜಿಎಸ್‌ಟಿಯ ಮಾರಾಟದ ಲೆಕ್ಕ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಕಟ್ಟುವ ರಿಟರ್ನ್ 3ಬಿಗೆ 20. ಜಿಎಸ್‌ಟಿ ರಿಟರ್ನ್ ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಮೇಲೆ ಬಡ್ಡಿ, ಪಾರ್ಟಿಯ, ಅಂದರೆ ಗಿರಾಕಿಯ, ಬೈಗುಳ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇಂಥ ತಾರೀಖುಗಳೇ ನನ್ನನ್ನು ನಡೆಸಿದವು. ಯಾರಿಗೂ ಅನುಮಾನ ಬರಲಿಲ್ಲ. 'ಇವಳಿಗೆ ಕೊನೇ ದಿನ ಕೊಡಿ, ಮಾಡಿ ಬಿಸಾಕ್ತಾಳೆ' ಅನ್ನುವ ಹೆಸರೂ ಬಂತು.

ತೊಂದರೆ ಶುರುವಾಗಿದ್ದು ಬಡ್ತಿಯಿಂದ. ಈಗ ನಾನು ರಿಟರ್ನ್ ಹಾಕುವುದಿಲ್ಲ, ಹಾಕುವವರನ್ನು ನೋಡಿಕೊಳ್ಳುತ್ತೇನೆ. ಯಾರಿಗೆ ಯಾವ ಫೈಲ್, ಯಾರ ರಜೆ ಯಾವಾಗ, ಯಾವ ಪಾರ್ಟಿಯ ದಾಖಲೆ ಬಾಕಿ, ಎಲ್ಲವೂ ತಲೆಯಲ್ಲಿರಬೇಕು. ಇದಕ್ಕೆ ಯಾವ ಪೋರ್ಟಲೂ ಕೊನೇ ದಿನ ಹಾಕಿಲ್ಲ. ನಾನೇ ಹಾಕಿಕೊಂಡರೆ ಅದು ಸುಳ್ಳು ತಾರೀಖು ಅಂತ ಮನಸ್ಸಿಗೆ ಮೊದಲೇ ಗೊತ್ತು. ಅನುಭವ ಹೆಚ್ಚಿದಷ್ಟೂ ನಮಗೆ ಬರುವ ಕೆಲಸ ಹೀಗೇ ಆಗುತ್ತದೆ, ಅಲ್ವಾ? ಮಾಡುವುದು ಕಡಿಮೆ, ಮಾಡಿಸುವುದು ಜಾಸ್ತಿ. ನಲವತ್ತು ದಾಟಿದ ಮೇಲೆ ನನ್ನಂಥವರು ಡಾಕ್ಟರ ಬಾಗಿಲು ತಟ್ಟಲು ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಹೆಂಗಸರಿಗೆ ಇನ್ನೊಂದಿದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಏರಿಳಿಯುತ್ತದೆ. ಗಮನಕ್ಕೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮಿನ್‌ನ ಕೆಲಸಕ್ಕೂ ಅದಕ್ಕೂ ನಂಟಿದೆ. ಅಲ್ಲಿಯವರೆಗೆ ಹೇಗೋ ಸಂಭಾಳಿಸಿದವರಿಗೂ ಆಗ ಕೈ ಮೀರಬಹುದು. ನಿದ್ದೆ ಕೆಟ್ಟ ಮರುದಿನ ಫೋನಿನಲ್ಲಿ ಕೇಳಿದ ಜಿಎಸ್‌ಟಿ ನಂಬರ್ ಬರೆದುಕೊಳ್ಳುವಷ್ಟರಲ್ಲಿ ಹಾರಿಹೋಗಿರುತ್ತದೆ.

ಹೋದ ವರ್ಷ ಡಾಕ್ಟರು ಅಮ್ಮನನ್ನೂ ಕರೆದುಕೊಂಡು ಬನ್ನಿ ಅಂದಾಗ ನಗು ಬಂತು. ಮಗಳಿಗೆ ನಲವತ್ತೈದು, ಪೋಷಕರ ಸಭೆ! ಆದರೆ ನಿಯಮವೇ ಹಾಗಿದೆ. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರ ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿಕೊಂಡಿರಬೇಕು. ದೊಡ್ಡವರಾದ ಮೇಲೆ ಇದು ಹೊಸದಾಗಿ ಅಂಟಿಕೊಳ್ಳುವ ಕಾಯಿಲೆಯಲ್ಲ. ಅಮ್ಮ ಎಲ್ಲ ಹೇಳಿದಳು. ಕಳೆದ ಕೊಡೆ, ಕಳೆದ ಟಿಫಿನ್ ಡಬ್ಬಿ, 'ಜಾಣೆ, ಆದರೆ ಲಕ್ಷ್ಯವಿಲ್ಲ' ಅಂತ ಮೇಷ್ಟ್ರು ಬರೆದಿದ್ದು. ಕೊನೆಗೆ, 'ಇದರಲ್ಲಿ ಏನು ವಿಶೇಷ? ಅವರಪ್ಪನೂ ಹೀಗೇ' ಅಂದಳು. ಡಾಕ್ಟರು ಅದನ್ನು ಬರೆದುಕೊಂಡರು. ಇದು ಮನೆತನದಲ್ಲಿ ಹರಿದು ಬರುವುದು ಜಾಸ್ತಿಯಂತೆ. ಅರ್ಧ ಬಿಚ್ಚಿದ ರೇಡಿಯೋಗಳ ನಡುವೆ ಕೂತಿರುತ್ತಿದ್ದ ಅಪ್ಪ ನೆನಪಾದ. ಅವನಿಗೆ ಯಾರೂ ಹೆಸರಿಟ್ಟು ಹೇಳಲೇ ಇಲ್ಲ. ಸೋಮಾರಿ ಅಂದರು, ಅಷ್ಟೇ.

ಇದಕ್ಕೆ ನನಗೆ ಕೊಟ್ಟ ಮಾತ್ರೆ ಮೀಥೈಲ್‌ಫೆನಿಡೇಟ್. ನಮ್ಮಲ್ಲಿ ಅದು ಶೆಡ್ಯೂಲ್ ಎಕ್ಸ್, ಅಂದರೆ ಬಿಗಿ ಕಾನೂನಿರುವ ಔಷಧಿಗಳ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಮಾರಲು ಬೇರೆ ಲೈಸೆನ್ಸು, ಹಾಗಾಗಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕಾಗದಪತ್ರದಲ್ಲೇ ಬದುಕುವ ನನಗೇ ಇದು ಸುಸ್ತು, ಬೇರೆಯವರ ಪಾಡೇನು? ಗುಣ ಕಂಡಿದೆ, ಸುಳ್ಳು ಹೇಳಬಾರದು. ಶುರು ಮಾಡಲು ಮೊದಲಿನಷ್ಟು ಒದ್ದಾಡುವುದಿಲ್ಲ. ಆದರೆ ಏನು ಶುರು ಮಾಡಬೇಕು ಅಂತ ಮಾತ್ರೆ ಹೇಳಿಕೊಡುವುದಿಲ್ಲ. ಇವತ್ತಿನ ಫೋಲ್ಡರ್ ಪುರಾಣ ನಡೆದಿದ್ದು ಮಾತ್ರೆ ನುಂಗಿದ ಮೇಲೆಯೇ.

ಅದಕ್ಕೇ ಸಂಜೆ ಸಾಹೇಬರ ಕೋಣೆಗೆ ಹೋದೆ. ಹುಡುಗರ ಉಸ್ತುವಾರಿ ಬೇರೆಯವರಿಗೆ ಕೊಡಿ, ನೋಟಿಸುಗಳ ಕೆಲಸ ಪೂರ್ತಿ ನನಗೆ ಕೊಡಿ ಅಂದೆ. ರಿಟರ್ನಿನಲ್ಲಿ ವ್ಯತ್ಯಾಸ ಕಂಡಾಗ ಜಿಎಸ್‌ಟಿ ಇಲಾಖೆ ಕಳಿಸುವ ಎಎಸ್‌ಎಂಟಿ-10 ನೋಟಿಸು ಬಂದರೆ ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಪ್ರತಿ ನೋಟಿಸೂ ಹೊಸ ಕಥೆ, ಮೇಲೆ ನಿಜವಾದ ತಾರೀಖು. ಇನ್ನೊಂದೂ ಕೇಳಿದೆ. ದೊಡ್ಡ ಉತ್ತರ ಬರೆಯುವಾಗ ಒಬ್ಬ ಹುಡುಗ ಪಕ್ಕದಲ್ಲಿ ಸುಮ್ನೆ ತನ್ನ ಕೆಲಸ ಮಾಡುತ್ತಾ ಕೂತಿರಲಿ. ಯಾರಾದರೂ ಪಕ್ಕದಲ್ಲಿದ್ದರೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.

ಹಕ್ಕಿನಿಂದ ಕೇಳುವ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕೆಯ ತೊಂದರೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಹೆಸರಿಲ್ಲ. ಎಲ್ಲ ಸಾಹೇಬರ ಮನಸ್ಸಿಗೆ ಬಿಟ್ಟಿದ್ದು.

ಸಾಹೇಬರು ಕನ್ನಡಕ ತೆಗೆದು, 'ಮ್ಯಾನೇಜರ್ ಅಲವನ್ಸ್ ಹೋಗುತ್ತಲ್ಲಮ್ಮ' ಅಂದರು. ಹೋಗಲಿ ಅಂದೆ. ವರಮಹಾಲಕ್ಷ್ಮಿ ಹಬ್ಬ ಕಳೆಯಲಿ, ನೋಡೋಣ ಅಂದರು. ಹಬ್ಬ ಆಗಸ್ಟ್ 8ಕ್ಕೆ. 'ಹಾಗಾದರೆ 11ನೇ ತಾರೀಖು ಸೋಮವಾರ, ಹನ್ನೊಂದು ಗಂಟೆಗೆ ಬರ್ತೀನಿ' ಅಂತ ಅವರ ಡೈರಿಯಲ್ಲೇ ಬರೆಸಿ ಬಂದೆ.