ಒಬ್ಬರಿಗೆ ಬೇಕಿತ್ತು

“ಕುಡಿತ ಬಿಟ್ಟವರ ಆ ಮೀಟಿಂಗ್ ಎಲ್ಲಿ ನಡೆಯುತ್ತದೆ? ನನಗಲ್ಲ, ಒಬ್ಬರಿಗೆ ಬೇಕಿತ್ತು.”

ಏಳು ವರ್ಷಗಳಿಂದ ಈ ‘ಒಬ್ಬರು’ ನನ್ನ ಬೆನ್ನು ಬಿಟ್ಟಿಲ್ಲ. ಮೀನು ಮಾರುಕಟ್ಟೆಯಲ್ಲಿ ಕೇಳಿದ್ದಾರೆ, ಉತ್ತರಕ್ರಿಯೆಯ ಊಟದಲ್ಲಿ ಸಾರು ಬಡಿಸುತ್ತ ಕೇಳಿದ್ದಾರೆ. ಕಳೆದ ತಿಂಗಳು ಕಾಪುವಿನಲ್ಲಿ ಒಂದು ಮೆಹಂದಿಯ ರಾತ್ರಿ ದೂರದ ಸಂಬಂಧಿಯೊಬ್ಬರು ನನ್ನನ್ನು ತೆಂಗಿನ ಮರದ ಹಿಂದಕ್ಕೆ ಕರೆದೊಯ್ದು ಕೇಳಿದರು. ಕೈಯಲ್ಲಿ ಗ್ಲಾಸು. ಕೇಳಿ ಒಂದು ಗುಟುಕು ಕುಡಿದು, ನನ್ನ ಉತ್ತರವನ್ನು ನಂಜಿಕೊಳ್ಳಲು ಕಾಯುವವರಂತೆ ನಿಂತರು.

ಈ ಊರಿನಲ್ಲಿ ಬೋರ್ಡಿಲ್ಲದ ಗಡಂಗಿನ ದಾರಿಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡ್ರೈ ಡೇ ದಿನ ಯಾರ ಮನೆಯ ಹಿಂಬಾಗಿಲು ತಟ್ಟಬೇಕೆಂಬುದು ಬಾಯಿಪಾಠ. ಈ ಒಂದು ವಿಳಾಸಕ್ಕೆ ಮಾತ್ರ ನಾನು ಬೇಕು.

ಸರಿ, ಬರೆದೇ ಬಿಡುತ್ತೇನೆ. ಅದರ ಹೆಸರು ಆಲ್ಕೋಹಾಲಿಕ್ಸ್ ಅನಾನಿಮಸ್, ಎಎ. 1935ರಲ್ಲಿ ಅಮೆರಿಕದ ಆಕ್ರನ್ ಎಂಬಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ವೈದ್ಯನೂ, ಇಬ್ಬರೂ ಕುಡುಕರೇ, ಮಾತಾಡುತ್ತ ಕುಳಿತದ್ದರಿಂದ ಶುರುವಾಯಿತು. ಭಾರತದ ಎಎ ಜಾಲತಾಣದಲ್ಲಿ ಊರಿನ ಹೆಸರು ಹುಡುಕಿ. ಹೊರಡುವ ಮುಂಚೆ ಫೋನ್ ಮಾಡಿ, ಕೋಣೆಗಳು ಬದಲಾಗುತ್ತಿರುತ್ತವೆ. ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವಿಚಾರಿಸಿದರೂ ಆದೀತು. ಶುಲ್ಕವಿಲ್ಲ, ಕೊನೆಯಲ್ಲಿ ಒಂದು ಡಬ್ಬಿ ಬರುತ್ತದೆ, ಹಾಕಿದರೆ ಹಾಕಿದಿರಿ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಬೇಡ. ಮನೆಯವರನ್ನೂ ಕರೆತರುವುದಾದರೆ ‘ಓಪನ್’ ಮೀಟಿಂಗ್ ಯಾವ ದಿನ ಎಂದು ಕೇಳಿಕೊಳ್ಳಿ. ಮನೆಯವರಿಗೆಂದೇ ಇರುವ ಅಲ್-ಅನಾನ್ ಕೂಡ 1951ರಿಂದ ಇದೆ. ಹೀಗೆ ವೃತ್ತ ಕಟ್ಟಿ ಕುಳಿತುಕೊಳ್ಳುವುದು ಒಗ್ಗದಿದ್ದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳಿವೆ; ಶಿಬಿರ ಮುಗಿಸಿದವರಿಗೆ ಊರಿನಲ್ಲೇ ನವಜೀವನ ಸಮಿತಿ ಇರುತ್ತದೆ.

ಇದೊಂದನ್ನು ಮಾತ್ರ ಸಿಟ್ಟಿಲ್ಲದೆ ಹೇಳುತ್ತೇನೆ. ವರ್ಷಗಟ್ಟಲೆ ದಿನವೂ ಕುಡಿದವರು ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಗುವುದರಿಂದ ಹಿಡಿದು ಅಪಸ್ಮಾರ, ಭ್ರಾಂತಿಯವರೆಗೆ ಹೋಗಬಹುದು, ಜೀವಕ್ಕೂ ಅಪಾಯ. ಮೊದಲು ವೈದ್ಯರು, ಆಮೇಲೆ ಮೀಟಿಂಗ್. ರಾತ್ರಿ ಯಾರೊಡನೆಯಾದರೂ ಮಾತಾಡಬೇಕೆನಿಸಿದರೆ ಸರಕಾರದ ಟೆಲಿ ಮಾನಸ್, 14416, ಇದೆ.

ವಿಳಾಸ ಸಿಕ್ಕಿತಲ್ಲ? ಇನ್ನು ಉಪಪ್ರಶ್ನೆಗಳು. “ಚರ್ಚಿನ ಕೋಣೆಯಲ್ಲಿ ನಡೆಯುತ್ತದಂತಲ್ಲ, ಮತಾಂತರ ಏನಾದರೂ?” ಇದು ನನ್ನ ತಾಯಿಯದೂ ಆಗಿತ್ತು. ಅಲ್ಲಿ ದೇವರ ಮಾತು ಬರುತ್ತದೆ, ಯಾವ ದೇವರೆಂದು ಯಾರೂ ಕೇಳುವುದಿಲ್ಲ. ನನ್ನ ಪಕ್ಕದಲ್ಲಿ ಕೂರುವವನು ಕೊರಗಜ್ಜನನ್ನು ನೆನೆಯುತ್ತಾನೆ. ಅಜ್ಜನಿಗೆ ಒಪ್ಪಿಸುವ ಶೇಂದಿಯನ್ನು ಮಾತ್ರ ಈಗ ತಮ್ಮನ ಕೈಯಲ್ಲಿ ಕಳುಹಿಸುತ್ತಾನೆ.

“ಗುರುತಿನವರು ಸಿಕ್ಕಿಬಿಟ್ಟರೆ?” ಸಿಗುತ್ತಾರೆ. ಮಂಗಳೂರೆಂದರೆ ಎಷ್ಟು ದೊಡ್ಡದು? ನಾನು ಮೊದಲ ಸಲ ಹೋದಾಗ ಚಹಾ ಸೋಸುತ್ತಿದ್ದವರು ಉಡುಪಿ ಬಸ್ಸಿನ ಕಂಡಕ್ಟರ್. ಹಿಂದೊಮ್ಮೆ ಎರಡು ಸೀಟುಗಳ ಮೇಲೆ ವಾಂತಿ ಮಾಡಿದ ನನ್ನನ್ನು ಇಳಿಸಿ ಹೋದವರೇ. ಲೋಟ ನೀಡುತ್ತ ನನ್ನ ಮುಖ ನೋಡಿ, “ಪಡುಬಿದ್ರಿ?” ಎಂದರು. ಹೌದೆಂದೆ. “ಸಕ್ಕರೆ ಎಷ್ಟು?” ಎಂದರು. ಅವರೂ ಅಲ್ಲಿ ಪ್ರವಾಸಕ್ಕೆ ಬಂದವರಲ್ಲ ಎಂದು ಹೊಳೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ನೋಡಿ, ಮೊದಲ ಸಲ ಯಾರು ಬೇಕಾದರೂ ಹೋಗುತ್ತಾರೆ. ಹೆಂಡತಿ ತವರಿಗೆ ಬ್ಯಾಗು ಕಟ್ಟಿದರೆ ಹೋಗುತ್ತಾರೆ, ಲಿವರ್ ರಿಪೋರ್ಟ್ ಬಂದ ವಾರ ಹೋಗುತ್ತಾರೆ. ಎರಡನೆಯ ಸಲ ಏಕೆ ಹೋದೆ ಎಂದು ಏಳು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಉತ್ತರ ಅಷ್ಟೇನೂ ಘನವಾದದ್ದಲ್ಲ ಎಂಬುದು ಬೇರೆ ಮಾತು.

ಕೊಡೆ ಮರೆತು ಬಂದಿದ್ದೆ. ಜುಲೈ ತಿಂಗಳು, ಮಾವನ ಕೊಡೆ, ಮರದ ಹಿಡಿಯದು. ಕೊಡೆ ಕಳೆದರೆ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಗೆ ನನ್ನ ಮನೆಯಲ್ಲಿ ಬಹಳ ಹಿಂದಿನ ಚರಿತ್ರೆಯಿದೆ. ಐದು ದಿನ ತಡೆದುಕೊಂಡಿದ್ದವನು ಆರನೆಯ ದಿನ ಹಂಪನಕಟ್ಟೆಯಲ್ಲಿ ಒಂದು ಕ್ವಾರ್ಟರ್ ಏರಿಸಿ, ತೊಯ್ದುಕೊಂಡೇ ಹೋದೆ. ಕೊಡೆ ತೆಗೆದುಕೊಂಡು ಹೊರಟುಬಿಡುವುದೆಂದು ಲೆಕ್ಕ. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದರು. ಕೈ ಹಾಕುವಾಗ ಕಂಡಕ್ಟರ್ ಬಂದರು. ನನ್ನ ಬಾಯಿಯ ವಾಸನೆ ಅವರಿಗೆ ಸಿಕ್ಕಿತು. ಸಿಗದಿರಲು ಅವರೇನು ಹೊಸಬರೇ?

“ಕುಡಿದವರು ಇವತ್ತು ಮಾತಾಡುವ ಹಾಗಿಲ್ಲ. ಕೂತು ಕೇಳಬಹುದು.”

ನಾನು ಏನೋ ವಾದಿಸಿದೆ. ಮಾತಾಡುವ ಹಾಗಿಲ್ಲವೆಂದು ಅವರು ಮತ್ತೆ ನೆನಪಿಸಿ, ಹೆಗಲಿಗೆ ಒಂದು ಟವೆಲ್ ಎಸೆದು, ಕುರ್ಚಿ ಎಳೆದರು. ಕಿಟಕಿಯ ಬಳಿಯದು. ಪಡುಬಿದ್ರಿಯ ಅನುಭವದಿಂದ ಇರಬೇಕು.

ಒಂದೂವರೆ ಗಂಟೆ ಬಾಯಿ ಮುಚ್ಚಿ ಕುಳಿತಿದ್ದೆ. ಹೊರಟಾಗ ಮಳೆ ನಿಂತಿತ್ತು. ಕಂಕನಾಡಿಯವರೆಗೆ ನಡೆದ ಮೇಲೆ ನೋಡುತ್ತೇನೆ, ಕೊಡೆ ಮತ್ತೆ ಅಲ್ಲೇ ಉಳಿದಿದೆ.