ವಾಸಿಯಾಯಿತೆಂದು ಬಿಟ್ಟ ಮಾತ್ರೆ

ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡ ಏಳನೆಯ ತಿಂಗಳಲ್ಲಿ ನಮ್ಮ ದೊಡ್ಡಪ್ಪನವರ ಎಲ್‌ಡಿಎಲ್, ಅಂದರೆ ರಕ್ತದಲ್ಲಿನ 'ಕೆಟ್ಟ' ಕೊಲೆಸ್ಟ್ರಾಲ್, ಡೆಸಿಲೀಟರಿಗೆ 142 ಮಿಲಿಗ್ರಾಂನಿಂದ 68ಕ್ಕೆ ಇಳಿದಿತ್ತು. ತುಪ್ಪವನ್ನೂ ಕರಿದ ತಿಂಡಿಯನ್ನೂ ಬಿಟ್ಟಿದ್ದ ಅವರು, ಪಥ್ಯದಿಂದಲೇ ಎಲ್ಲವೂ ವಾಸಿಯಾಯಿತೆಂದು ನಂಬಿ, ಯಾರಿಗೂ ಹೇಳದೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯಾದ ಅಟೊರ್ವಾಸ್ಟಾಟಿನ್ ನಿಲ್ಲಿಸಿದರು. ಎರಡು ತಿಂಗಳ ಬಳಿಕ ನಾನು ಒತ್ತಾಯಿಸಿ ರಕ್ತ ಪರೀಕ್ಷೆ ಮಾಡಿಸಿದಾಗ ಅದು ಮತ್ತೆ 139ಕ್ಕೆ ಏರಿತ್ತು. ಆ ವರದಿ ಕೈಯಲ್ಲಿ ಹಿಡಿದಾಗ ನನಗಾದ ಭಯ ಇನ್ನೂ ಮಾಸಿಲ್ಲ.

ದೇಹದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ಊಟದಿಂದ ಬರುವುದಲ್ಲ, ದೇಹವೇ ತಯಾರಿಸಿಕೊಳ್ಳುವುದು. ರಕ್ತದಲ್ಲಿ ಸಂಚರಿಸುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಮುಖ್ಯವಾಗಿ ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಹುಟ್ಟಿನಿಂದಲೇ ವಿಪರೀತ ಕೊಲೆಸ್ಟ್ರಾಲ್ ಇದ್ದು ಬಾಲ್ಯದಲ್ಲೇ ಹೃದಯಾಘಾತಕ್ಕೆ ತುತ್ತಾಗುವ ರೋಗಿಗಳ ಚರ್ಮದ ಕೋಶಗಳನ್ನು ಬೆಳೆಸಿ ಪರೀಕ್ಷಿಸಿದ ಅಮೆರಿಕದ ಡಲ್ಲಾಸ್‌ನ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್, ಅವುಗಳಲ್ಲಿ ಈ ಗ್ರಾಹಕವೇ ಕೆಲಸ ಮಾಡುತ್ತಿಲ್ಲವೆಂದು ಕಂಡುಕೊಂಡರು. 1985ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಟಾಟಿನ್ ಮಾತ್ರೆಯು ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಒಳಗೆ ಕೊರತೆಯಾದ ಯಕೃತ್ತಿನ ಕೋಶವು ಹೆಚ್ಚು ಗ್ರಾಹಕಗಳನ್ನು ಹೊರಚಾಚಿ ರಕ್ತದಿಂದ ಎಲ್‌ಡಿಎಲ್ ಸೆಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕಿಣ್ವ ಮತ್ತೆ ಚುರುಕಾಗಿ, ಗ್ರಾಹಕಗಳು ಕಡಿಮೆಯಾಗಿ, ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಮಟ್ಟಕ್ಕೆ ಮರಳುತ್ತದೆ. ಪಥ್ಯವೂ ಬೇಕು, ಆದರೆ ಆ 68ರಲ್ಲಿ ಅದರ ಪಾಲು ಚಿಕ್ಕದು.

ಸ್ಟೆಂಟ್ ತೆರೆದದ್ದು ಹೃದಯಕ್ಕೆ ರಕ್ತ ಒಯ್ಯುವ ಕರೋನರಿ ಅಪಧಮನಿಯ ಒಂದು ಕಡೆಯನ್ನು ಮಾತ್ರ. ಉಳಿದ ಉದ್ದಕ್ಕೂ ಎಲ್‌ಡಿಎಲ್ ಗೋಡೆಯೊಳಗೆ ನುಸುಳುತ್ತಲೇ ಇರಬಲ್ಲದು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನದಲ್ಲಿ 4,444 ಹೃದ್ರೋಗಿಗಳಿದ್ದರು. ಐದು ವರ್ಷಗಳಿಗೂ ಮಿಕ್ಕಿ ಸಿಮ್ವಾಸ್ಟಾಟಿನ್ ಎಂಬ ಸ್ಟಾಟಿನ್ ಪಡೆದವರಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಿಗೆ ಹೋಲಿಸಿದರೆ, ಸಾವಿನ ಪ್ರಮಾಣ ಶೇ. 30ರಷ್ಟು ಕಡಿಮೆಯಾಗಿತ್ತು.

ಇನ್ನೊಂದು ಮಾತನ್ನೂ ದೊಡ್ಡಪ್ಪನವರಿಗೆ ಹೇಳಬೇಕಾಯಿತು. ಪ್ರಯೋಗಾಲಯದ ವರದಿಯ ಬದಿಯಲ್ಲಿ ಮುದ್ರಿತವಾಗಿರುವ 'ಸಾಮಾನ್ಯ' ಮಟ್ಟ ಹೃದಯಾಘಾತವಾದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದಲ್ಲ. ಅಂಥವರಿಗೆ ಯುರೋಪಿನ 2019ರ ಮಾರ್ಗಸೂಚಿ ಸೂಚಿಸುವ ಗುರಿ 55ಕ್ಕಿಂತ ಕಡಿಮೆ. ಅಂದರೆ ಅವರು ಸಂಭ್ರಮಿಸಿದ 68 ಕೂಡ ಸಾಲದಾಗಿತ್ತು. ವೈದ್ಯರು ಸ್ಟಾಟಿನ್ ಮತ್ತೆ ಆರಂಭಿಸಿ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವಿಕೆಯನ್ನು ತಡೆಯುವ ಎಜೆಟಿಮೈಬ್ ಸೇರಿಸಿದರು. ಕಳೆದ ತಿಂಗಳ ವರದಿಯಲ್ಲಿ 51 ಇದೆ. ಈಗ ರಾತ್ರಿ ಊಟವಾದ ಮೇಲೆ ದೊಡ್ಡಮ್ಮನೇ ಮಾತ್ರೆ ತಂದು ಕೈಗೆ ಕೊಟ್ಟು, ಅವರು ನುಂಗುವವರೆಗೂ ಎದುರಿಗೆ ನಿಂತಿರುತ್ತಾರೆ.